ಸುವಾರೆಜ್ ಮಂಡಿ ನೋವಲ್ಲೂ ಗೋಲು ಹೊಡೀತಾರೆ, ನಾನೂ ಇಂಜೆಕ್ಷನ್ ಹಾಕಿಸಿಕೊಂಡು ಆಡಬಹುದೇ?

ಪ್ರಶ್ನೆ: ಸರ್, ನನಗೆ 37 ವರ್ಷ. ಕಾಲೇಜಿನ ದಿನಗಳಿಂದಲೂ ಫುಟ್‌ಬಾಲ್ ಆಡುತ್ತಿದ್ದೇನೆ, ಸ್ಟ್ರೈಕರ್. ಈಗ ಬೆಂಗಳೂರಿನಲ್ಲಿ ಕೆಲಸ. ವಾರಕ್ಕೆ ಎರಡು ಸಲ ರಾತ್ರಿ ಟರ್ಫ್‌ನಲ್ಲಿ ಗೆಳೆಯರ ಜೊತೆ ಐದೈದು ಜನರ ಆಟ. ಮೂರು ವರ್ಷದ ಹಿಂದೆ ಬಲ ಮಂಡಿಯ ಒಳಬದಿಯ ಮೆನಿಸ್ಕಸ್ (ಮೂಳೆಗಳ ನಡುವಿನ ಮೆತ್ತೆ) ಹರಿದು, ಕೀಹೋಲ್ ಆಪರೇಷನ್ ಮಾಡಿ ಸ್ವಲ್ಪ ಭಾಗ ತೆಗೆದರು. ಈಗ ಆಡಿದ ಮರುದಿನ ಮಂಡಿ ಊದಿಕೊಳ್ಳುತ್ತದೆ, ಮೆಟ್ಟಿಲು ಇಳಿಯುವಾಗ ನೋವು, ಎರಡು ದಿನಕ್ಕೆ ಸರಿಹೋಗುತ್ತದೆ. ತೂಕ 84 ಕೆ.ಜಿ., ಕಾಲೇಜಿನಲ್ಲಿದ್ದಾಗ 75 ಇತ್ತು. ಆಟಕ್ಕೆ ಮುಂಚೆ ಒಂದು ನೋವಿನ ಮಾತ್ರೆ ನುಂಗುವುದು ಅಭ್ಯಾಸವಾಗಿದೆ. ಗೆಳೆಯರು ‘ಲೂಯಿಸ್ ಸುವಾರೆಜ್ ನೋಡು, ನಿನ್ನ ವಯಸ್ಸಲ್ಲಿ ಅಮೆರಿಕದಲ್ಲಿ ಇಪ್ಪತ್ತು ಗೋಲು ಹೊಡೆದ, ಅವನದ್ದೂ ಇದೇ ಮಂಡಿ, ಇಂಜೆಕ್ಷನ್ ಹಾಕಿಸ್ಕೊಂಡು ಆಡ್ತಾನೆ, ನೀನೂ ಹಾಕಿಸ್ಕೋ’ ಅನ್ನುತ್ತಾರೆ. ಹೆಂಡತಿ ‘ಸಾಕು, ಬಿಟ್ಟುಬಿಡಿ’ ಅನ್ನುತ್ತಾಳೆ. ಸುವಾರೆಜ್ ಬಗ್ಗೆ ಹೇಳುವುದು ನಿಜವೇ? ಅದು ಡೋಪಿಂಗ್ ಆಗುವುದಿಲ್ಲವೇ? ಸ್ಟ್ರೈಕರ್‌ಗೆ ಮೂವತ್ತಕ್ಕೇ ಆಟ ಮುಗಿಯಿತು ಎನ್ನುವ ಮಾತು ಸರಿಯೇ? ನಾನೇನು ಮಾಡಲಿ?

ಉತ್ತರ: ನೀವು ಕೇಳಿರುವುದು ನಾಲ್ಕು ಪ್ರಶ್ನೆಯಾದರೂ ನಿಮ್ಮನ್ನು ಕಾಡುತ್ತಿರುವುದು ಒಂದೇ: ಆಟ ಬಿಡಬೇಕಾಗುತ್ತದಾ? ಬಿಡಬೇಕಾಗಿಲ್ಲ ಎಂದೇ ನಿಮ್ಮ ಪತ್ರ ಓದಿದಾಗ ನನಗೆ ಅನಿಸಿತು. ಆದರೆ ಈಗ ಆಡುತ್ತಿರುವ ರೀತಿಯಲ್ಲಿ ಮುಂದುವರಿದರೆ ಮಂಡಿಯೇ ನಿಮ್ಮನ್ನು ಬಿಡಿಸುತ್ತದೆ. ನಾನು ಆಟಗಾರರ ಮಂಡಿ, ಪಾದದ ಗಂಟುಗಳನ್ನೇ ನೋಡುವ ಫಿಸಿಯೋಥೆರಪಿಸ್ಟ್. ಬೆಂಗಳೂರಿನಲ್ಲಿ ಟರ್ಫ್‌ಗಳು ಹೆಚ್ಚಾದ ಮೇಲೆ ಸೋಮವಾರ ಬೆಳಿಗ್ಗೆ ನಮ್ಮ ಬಾಗಿಲಿಗೆ ಬರುವವರಲ್ಲಿ ನಿಮ್ಮ ವಯಸ್ಸಿನ, ನಿಮ್ಮದೇ ಕಥೆಯ ಗಂಡಸರು ತುಂಬ. ಅವರಲ್ಲಿ ಅನೇಕರು ಸುವಾರೆಜ್ ಹೆಸರನ್ನೂ ಎತ್ತುತ್ತಾರೆ. ಹಾಗಾಗಿ ಅವರ ಮಂಡಿಯಿಂದಲೇ ಶುರು ಮಾಡೋಣ.

ನಿಮ್ಮ ಗೆಳೆಯರು ಹೇಳಿದ್ದರಲ್ಲಿ ಸುಳ್ಳಿಲ್ಲ. ಸುವಾರೆಜ್ ಹುಟ್ಟಿದ್ದು 1987ರ ಜನವರಿಯಲ್ಲಿ, ಉರುಗ್ವೆಯ ಸಾಲ್ಟೊ ಊರಿನಲ್ಲಿ. 2024ರಲ್ಲಿ, 37ನೇ ವಯಸ್ಸಿನಲ್ಲಿ, ಇಂಟರ್ ಮಿಯಾಮಿ ಪರ ಅಮೆರಿಕದ ಲೀಗ್‌ನಲ್ಲಿ 20 ಗೋಲು ಹೊಡೆದರು. ಅವರ ಎರಡೂ ಮಂಡಿಗಳು ಆಪರೇಷನ್ ಟೇಬಲ್ ಕಂಡಿವೆ. 2014ರ ಮೇ ತಿಂಗಳಲ್ಲಿ, ವಿಶ್ವಕಪ್‌ಗೆ ಮೂರು ವಾರ ಇರುವಾಗ, ಮಾಂಟೆವಿಡಿಯೊದಲ್ಲಿ ಎಡ ಮಂಡಿಯ ಮೆನಿಸ್ಕಸ್‌ಗೆ ಕೀಹೋಲ್ ಆಪರೇಷನ್ ಆಯಿತು. ಒಂದು ತಿಂಗಳೂ ತುಂಬುವ ಮೊದಲೇ, ಜೂನ್ 19ರಂದು, ಸಾವೊ ಪಾಲೊದಲ್ಲಿ ಇಂಗ್ಲೆಂಡ್ ವಿರುದ್ಧ ಇಳಿದು ಎರಡು ಗೋಲು ಹೊಡೆದರು. ಆ ಗೋಲಿನ ನಂತರ ಅವರು ಓಡಿದ್ದು ಮೈದಾನದ ಅಂಚಿನಲ್ಲಿದ್ದ ವಾಲ್ಟರ್ ಫೆರೇರಾ ಎಂಬ ಫಿಸಿಯೋ ಹತ್ತಿರ. ಫೆರೇರಾ ಆಗ ಕ್ಯಾನ್ಸರ್ ಜೊತೆ ಹೋರಾಡುತ್ತಾ, ಸುವಾರೆಜ್‌ರನ್ನು ಆ ಪಂದ್ಯಕ್ಕೆ ಸಿದ್ಧಪಡಿಸಿದ್ದವರು. ನಮ್ಮ ಕಸುಬಿನ ಯಾರಿಗೇ ಆದರೂ ಆ ಅಪ್ಪುಗೆ ಮರೆಯುವಂಥದ್ದಲ್ಲ.

ಆ ಕಥೆ ಕೇಳಿ ‘ತಿಂಗಳೊಳಗೆ ಆಡಬಹುದು’ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅದರ ಮುಂದಿನ ಭಾಗವನ್ನೂ ಕೇಳಿ. 2019ರ ಮೇ ತಿಂಗಳಲ್ಲಿ, ಬಾರ್ಸಿಲೋನಾದಲ್ಲಿದ್ದಾಗ, ಬಲ ಮಂಡಿಗೆ ಆಪರೇಷನ್. 2020ರ ಜನವರಿಯಲ್ಲಿ ಅದೇ ಬಲ ಮಂಡಿಗೆ ಮತ್ತೊಂದು; ಆಗ ನಾಲ್ಕು ತಿಂಗಳ ವಿಶ್ರಾಂತಿ ಬೇಕು ಎಂದರು. ಕೋವಿಡ್‌ನಿಂದ ಲೀಗ್ ನಿಂತಿದ್ದರಿಂದ ಆ ನಾಲ್ಕು ತಿಂಗಳು ಪೂರ್ತಿಯಾಗಿ ಸಿಕ್ಕಿತು. ಮುಂದೆ 2023ರಲ್ಲಿ ಬ್ರೆಜಿಲ್‌ನ ಗ್ರೆಮಿಯೊ ತಂಡಕ್ಕೆ ಹೋದಾಗ ಮಂಡಿಯ ನೋವು ದಿನನಿತ್ಯದ್ದಾಗಿತ್ತು. 2024ರ ಕೊನೆಯವರೆಗೆ ಇದ್ದ ಒಪ್ಪಂದವನ್ನು ಒಂದು ವರ್ಷ ಮೊದಲೇ ಮುಗಿಸಿಕೊಳ್ಳುವ ಮಟ್ಟಕ್ಕೆ ಬಂತು.

ಆ ನೋವಿನ ಬಗ್ಗೆ ಸುವಾರೆಜ್ ಬಾಯಿಬಿಟ್ಟು ಹೇಳಿದ್ದಾರೆ. ಬೆಳಿಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗಳು ವಿಪರೀತ ನೋವು, ಆಗ ನೋಡಿದವರು ಈತ ಪಂದ್ಯ ಆಡುತ್ತಾನೆ ಎಂದು ನಂಬಲಾರರು ಎಂದರು. ಪಂದ್ಯಕ್ಕೆ ಮುಂಚಿನ ದಿನಗಳಲ್ಲಿ ಮಾತ್ರೆ, ಆಟಕ್ಕೆ ಕೆಲವು ಗಂಟೆ ಇರುವಾಗ ಇಂಜೆಕ್ಷನ್, ಅವಿಲ್ಲದೆ ಆಡಲಾಗುತ್ತಿರಲಿಲ್ಲ ಎಂದರು. ಮಗ ಆಡಲು ಕರೆದರೆ ಹೋಗಲಾಗುವುದಿಲ್ಲ ಎಂದೂ ಹೇಳಿದರು. ಇನ್ನೈದು ವರ್ಷದಲ್ಲಿ ಗೆಳೆಯರ ಜೊತೆ ಐದೈದು ಜನರ ಆಟವನ್ನೂ ಆಡಲಾರದ ಸ್ಥಿತಿ ಬರಬಹುದು ಎಂಬ ಮಾತನ್ನೂ ಸೇರಿಸಿದರು.

ಈ ಕೊನೆಯ ಮಾತನ್ನು ನಿಮ್ಮ ಗೆಳೆಯರಿಗೂ ಓದಿ ಹೇಳಿ. ನೀವು ಉಳಿಸಿಕೊಳ್ಳಬೇಕು ಎಂದು ಒದ್ದಾಡುತ್ತಿರುವ ಆಟವನ್ನೇ ಅವರು ಪಣಕ್ಕಿಟ್ಟಿದ್ದಾರೆ. ಅವರಿಗೆ ಅದಕ್ಕೆ ಬದಲಾಗಿ ಒಂದೊಂದು ಪಂದ್ಯ, ಒಂದೊಂದು ಪ್ರಶಸ್ತಿ, ಸಂಬಳ ಸಿಗುತ್ತಿತ್ತು. ಲೆಕ್ಕ ಹಾಕಿಯೇ ಆ ನಿರ್ಧಾರ ಮಾಡಿದರು, ಅದನ್ನು ನಾನು ಗೌರವಿಸುತ್ತೇನೆ. ಆದರೆ ಮಂಗಳವಾರ ರಾತ್ರಿಯ ಟರ್ಫ್ ಆಟಕ್ಕಾಗಿ ಮುಂದಿನ ಹತ್ತು ವರ್ಷದ ಟರ್ಫ್ ಆಟವನ್ನು ಕೊಡುವುದು ಯಾವ ಲೆಕ್ಕದಲ್ಲೂ ಕೂಡುವುದಿಲ್ಲ.

ಇನ್ನು ಮೂವತ್ತಕ್ಕೇ ಸ್ಟ್ರೈಕರ್ ಮುಗಿದ ಎಂಬ ಮಾತು. ಓಟದ ಬಿರುಸು ಮೂವತ್ತು ದಾಟಿದ ಮೇಲೆ ನಿಧಾನವಾಗಿ ಇಳಿಯುತ್ತದೆ, ಅದು ನಿಜ. ಗೋಲು ಹೊಡೆಯುವ ಕಲೆ ಅದರ ಜೊತೆಗೇ ಇಳಿಯಬೇಕೆಂದಿಲ್ಲ. ಬ್ರೆಜಿಲ್‌ನ ರೊಮಾರಿಯೊ 2005ರಲ್ಲಿ, 39ನೇ ವಯಸ್ಸಿನಲ್ಲಿ, ವಾಸ್ಕೊ ಪರ 22 ಗೋಲು ಹೊಡೆದು ಬ್ರೆಜಿಲ್ ಲೀಗ್‌ನ ಅತಿ ಹೆಚ್ಚು ಗೋಲಿನ ಆಟಗಾರರಾದರು. ಪೆರುವಿನ ಪಾವ್ಲೊ ಗೆರೆರೊ 36ನೇ ವಯಸ್ಸಿನಲ್ಲಿ ಮಂಡಿಯ ಲಿಗಮೆಂಟ್ ಹರಿದುಕೊಂಡರು. 39ಕ್ಕೆ ಈಕ್ವೆಡಾರ್‌ನ ಎಲ್‌ಡಿಯು ಕೀಟೊ ತಂಡದೊಂದಿಗೆ ದಕ್ಷಿಣ ಅಮೆರಿಕದ ಕ್ಲಬ್‌ಗಳ ಟೂರ್ನಿಯಾದ ಕೋಪಾ ಸುಡಾಮೆರಿಕಾನಾವನ್ನು 2023ರಲ್ಲಿ ಗೆದ್ದರು. ಸುವಾರೆಜ್‌ಗೆ ಉರುಗ್ವೆ ತಂಡದಲ್ಲಿ ಜೊತೆಗಾರರಾಗಿದ್ದ ಡಿಯೆಗೊ ಫೋರ್ಲಾನ್ 2016ರಲ್ಲಿ, 37ನೇ ವಯಸ್ಸಿನಲ್ಲಿ, ಮುಂಬೈ ಸಿಟಿ ಪರ ನಮ್ಮ ಐಎಸ್‌ಎಲ್‌ನಲ್ಲೇ ಆಡಿ ಹ್ಯಾಟ್ರಿಕ್ ಹೊಡೆದರು. ದೂರ ಯಾಕೆ, ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ 2024-25ರ ಐಎಸ್‌ಎಲ್‌ನಲ್ಲಿ 40ನೇ ವಯಸ್ಸಿನಲ್ಲಿ 14 ಗೋಲು ಹೊಡೆದದ್ದನ್ನು ನೀವೇ ಕಂಠೀರವದಲ್ಲಿ ನೋಡಿರಬಹುದು.

ಇವರೆಲ್ಲ ಹೇಗೆ ಉಳಿದರು ಎಂಬುದು ಇಂಜೆಕ್ಷನ್‌ಗಿಂತ ದೊಡ್ಡ ಕಥೆ. ಸುವಾರೆಜ್‌ರ 2013-14ರ ಲಿವರ್‌ಪೂಲ್ ಪಂದ್ಯ ಯಾವುದಾದರೂ ಸಿಕ್ಕರೆ ನೋಡಿ. 33 ಲೀಗ್ ಪಂದ್ಯಗಳಲ್ಲಿ 31 ಗೋಲು, ಒಂದೂ ಪೆನಾಲ್ಟಿ ಇಲ್ಲ. ಎದುರಾಳಿ ಡಿಫೆಂಡರ್‌ಗಳ ಹಿಂದೆ ಅಂಗಳದ ಮೂಲೆಮೂಲೆಗೆ ಅಟ್ಟಿಸಿಕೊಂಡು ಹೋಗುವ ಆಟ ಅದು. 2020ರಲ್ಲಿ ಬಾರ್ಸಿಲೋನಾ ‘ನೀವು ಬೇಡ’ ಎಂದು ಬಿಟ್ಟಾಗ ಅವರಿಗೆ 33. ಅಟ್ಲೆಟಿಕೊ ಮ್ಯಾಡ್ರಿಡ್‌ಗೆ ಬಂದ ಸುವಾರೆಜ್ ಬೇರೆಯೇ ಆಟಗಾರ. ಗೋಲಿನ ಮುಂದಿನ ಬಾಕ್ಸ್ ಸುತ್ತಮುತ್ತಲೇ ಇರುತ್ತಿದ್ದರು, ಅನಗತ್ಯ ಓಟ ಇಲ್ಲ, ಚೆಂಡು ಬಂದರೆ ಒಂದೇ ಸ್ಪರ್ಶ, ಗೋಲ್‌ಕೀಪರ್ ಕಾಲು ಊರುವ ಮೊದಲೇ ಹೊಡೆತ. ಕೋಚ್ ಸಿಮಿಯೋನೆ 90 ನಿಮಿಷ ಮುಗಿಯುವ ಮೊದಲೇ ಅವರನ್ನು ಹೊರಗೆ ಕರೆಸುವುದು ಮಾಮೂಲಾಯಿತು. ಆ ಸೀಸನ್‌ನಲ್ಲಿ 21 ಲೀಗ್ ಗೋಲು. ಕೊನೆಯದು 2021ರ ಮೇ 22ರಂದು ವಯಾದೊಲಿದ್‌ನಲ್ಲಿ. ಪಂದ್ಯ 1-1. ಎದುರಾಳಿಯೊಬ್ಬ ತಪ್ಪಾಗಿ ಹಿಂದಕ್ಕೆ ಕೊಟ್ಟ ಪಾಸ್ ಕಾಲಿಗೆ ಸಿಕ್ಕಿತು, ಒಬ್ಬರೇ ಮುನ್ನುಗ್ಗಿ ಎಡಗಾಲಿನಿಂದ ಕೆಳಮೂಲೆಗೆ ತಳ್ಳಿದರು. ಅಟ್ಲೆಟಿಕೊ ಲೀಗ್ ಗೆದ್ದಿತು. ಶಿಳ್ಳೆ ಊದಿದ ಮೇಲೆ ಹುಲ್ಲಿನ ಮೇಲೆ ಕೂತು, ಫೋನ್‌ನಲ್ಲಿ ಮನೆಯವರ ಜೊತೆ ಮಾತಾಡುತ್ತಾ ಬಿಕ್ಕಿ ಬಿಕ್ಕಿ ಅತ್ತರು.

ಇಡೀ ಪಂದ್ಯದಲ್ಲಿ ಅಂಥ ಓಟ ಒಂದೋ ಎರಡೋ. ಅದಕ್ಕೆ ಮಂಡಿಯನ್ನು ಉಳಿಸಿಟ್ಟುಕೊಳ್ಳುವುದೇ ಹಿರಿಯ ಸ್ಟ್ರೈಕರ್‌ನ ವಿದ್ಯೆ. 2023ರ ನವೆಂಬರ್‌ನಲ್ಲಿ, ಲೀಗ್‌ನ ಮುಂಚೂಣಿಯಲ್ಲಿದ್ದ ಬೊಟಫೋಗೊ 3-1 ಮುಂದಿದ್ದಾಗ, ಸುವಾರೆಜ್ ದ್ವಿತೀಯಾರ್ಧದಲ್ಲಿ ಮೂರು ಗೋಲು ಹೊಡೆದು ಗ್ರೆಮಿಯೊವನ್ನು 4-3ರಿಂದ ಗೆಲ್ಲಿಸಿದ್ದೂ ಇದೇ ಮಂಡಿಯಲ್ಲಿ. ಇಂಜೆಕ್ಷನ್ ನೋವನ್ನು ಕಡಿಮೆ ಮಾಡಿರಬಹುದು. ಎಲ್ಲಿ ನಿಲ್ಲಬೇಕು, ಯಾವಾಗ ಓಡಬೇಕು, ಯಾವಾಗ ಓಡಬಾರದು ಎನ್ನುವುದನ್ನು ಇಂಜೆಕ್ಷನ್ ಹೇಳಿಕೊಡಲಿಲ್ಲ.

ನಿಮ್ಮ ಮಂಡಿಯೊಳಗೆ ಈಗ ಏನಾಗುತ್ತಿದೆ ನೋಡೋಣ. ತೊಡೆಮೂಳೆಯ ತುದಿ ದುಂಡಗೆ, ಕೆಳಗಿನ ಮೂಳೆಯ ತಲೆ ಹೆಚ್ಚುಕಡಿಮೆ ಚಪ್ಪಟೆ. ಕೊಡ ಅಲುಗದಂತೆ ತಲೆಯ ಮೇಲೆ ಸಿಂಬೆ ಇಟ್ಟುಕೊಳ್ಳುತ್ತಾರಲ್ಲ, ಮೆನಿಸ್ಕಸ್ ಮಾಡುವ ಕೆಲಸ ಅದೇ. ಭಾರವನ್ನು ಹರಡುತ್ತದೆ, ಅಲುಗಾಟ ತಡೆಯುತ್ತದೆ. ಅದರ ಹೊರ ಅಂಚಿಗೆ ಮಾತ್ರ ರಕ್ತ ಹರಿಯುತ್ತದೆ, ಅಲ್ಲಿ ಹರಿದರೆ ಹೊಲಿದು ಕೂಡಿಸಬಹುದು. ಒಳ ಅಂಚಿಗೆ ರಕ್ತ ಇಲ್ಲ, ಹರಿದದ್ದು ಕೂಡಿಕೊಳ್ಳುವುದಿಲ್ಲ. ಹಾಗಾಗಿ ಕತ್ತರಿಸಿ ತೆಗೆಯುತ್ತಾರೆ. ತೆಗೆದ ಮೇಲೆ ಅಷ್ಟೇ ಭಾರ ಕಡಿಮೆ ಜಾಗದ ಮೇಲೆ ಬೀಳುತ್ತದೆ, ಮೂಳೆಯ ತುದಿಯ ನುಣುಪಾದ ಕಾರ್ಟಿಲೇಜ್ ಬೇಗ ಸವೆಯುತ್ತದೆ. ಆಟದ ಮರುದಿನ ನಿಮಗೆ ಬರುವ ಊತ, ಹೊರೆ ಜಾಸ್ತಿಯಾಯಿತು ಎಂದು ಮಂಡಿ ಕಳಿಸುವ ಚೀಟಿ. ಕಾರ್ಟಿಲೇಜ್‌ನಲ್ಲಿ ನೋವಿನ ನರಗಳಿಲ್ಲ. ಆದ್ದರಿಂದ ನೋವಿಗಿಂತ ಊತವನ್ನೇ ನಾನು ಹೆಚ್ಚು ನಂಬುತ್ತೇನೆ.

ಈಗ ಇಂಜೆಕ್ಷನ್. ಆ ಹೆಸರಿನಲ್ಲಿ ನಾಲ್ಕೈದು ಬೇರೆ ಬೇರೆ ವಸ್ತುಗಳಿವೆ, ಅಪಾಯವೂ ಬೇರೆ ಬೇರೆ. ಮರಗಟ್ಟಿಸುವ ಮದ್ದು ನಿಷೇಧಿತ ಅಲ್ಲ. ಆದರೆ ಅದನ್ನು ಮಂಡಿ ಕೀಲಿನೊಳಗೆ ಹಾಕಿಸಿ ಆಡಲು ಇಳಿಯಬೇಡಿ ಎಂದು ನಾನು ಖಡಾಖಂಡಿತ ಹೇಳುತ್ತೇನೆ. ಎಚ್ಚರಿಸಬೇಕಾದ ನೋವೇ ಇಲ್ಲದೆ ಮಂಡಿ ತಿರುಚುತ್ತದೆ, ಜೊತೆಗೆ ಈ ಮದ್ದುಗಳಲ್ಲಿ ಕೆಲವು ಕಾರ್ಟಿಲೇಜ್ ಕೋಶಗಳಿಗೇ ವಿಷ. ಸ್ಟೆರಾಯ್ಡ್ ಇಂಜೆಕ್ಷನ್ ಊದಿದ ಮಂಡಿಯನ್ನು ಕೆಲವು ವಾರ ತಣ್ಣಗೆ ಮಾಡುತ್ತದೆ. ಮಂಡಿ ಸವೆದು ನಡೆಯಲಾರದವರಿಗೆ ವೈದ್ಯರು ಒಮ್ಮೊಮ್ಮೆ ಕೊಡುತ್ತಾರೆ, ಸರಿ. ಆದರೆ 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಮೂರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಸ್ಟೆರಾಯ್ಡ್ ಪಡೆದವರ ಕಾರ್ಟಿಲೇಜ್, ಬರೀ ಉಪ್ಪುನೀರು ಪಡೆದವರಿಗಿಂತ ಹೆಚ್ಚು ಸವೆದಿತ್ತು, ನೋವಿನಲ್ಲಿ ವ್ಯತ್ಯಾಸ ಇರಲಿಲ್ಲ. ಜೆಲ್ ಥರದ ಹಯಲುರಾನಿಕ್ ಆಸಿಡ್, ನಿಮ್ಮದೇ ರಕ್ತದಿಂದ ತೆಗೆದು ಹಾಕುವ ಪಿಆರ್‌ಪಿ ಎರಡೂ ಸಾವಿರಾರು ರೂಪಾಯಿಯ ಮಾತು. ಕೆಲವರಿಗೆ ಹಾಯೆನಿಸುತ್ತದೆ, ಕೆಲವರಿಗೆ ಏನೂ ಇಲ್ಲ. ಕಾರ್ಟಿಲೇಜ್ ಮತ್ತೆ ಬೆಳೆಯುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ.

ಡೋಪಿಂಗ್ ಪ್ರಶ್ನೆಗೆ ಉತ್ತರ ಇಷ್ಟು: ಸಾಮಾನ್ಯ ನೋವಿನ ಮಾತ್ರೆ, ಮರಗಟ್ಟಿಸುವ ಮದ್ದು ನಿಷೇಧದ ಪಟ್ಟಿಯಲ್ಲಿಲ್ಲ. ಊತ ಇಳಿಸುವ ಈ ಸ್ಟೆರಾಯ್ಡ್ ಅನ್ನು ಯಾವುದೇ ಬಗೆಯ ಇಂಜೆಕ್ಷನ್ ಮೂಲಕ ಪಂದ್ಯದ ಅವಧಿಯಲ್ಲಿ ಪಡೆಯುವುದನ್ನು 2022ರಿಂದ ನಿಷೇಧಿಸಿದ್ದಾರೆ, ಟ್ರಮಡಾಲ್ ಎಂಬ ಬಲವಾದ ನೋವುನಿವಾರಕವನ್ನು 2024ರಿಂದ. ನಿಮ್ಮ ಟರ್ಫ್‌ಗೆ ಪರೀಕ್ಷೆ ಮಾಡುವವರು ಬರುವುದಿಲ್ಲ, ಆದರೆ ನಿಯಮ ಒಪ್ಪಿದ್ದೆಲ್ಲ ದೇಹಕ್ಕೆ ಒಳ್ಳೆಯದು ಎಂದೂ ಅಲ್ಲ.

ನನಗೆ ಹೆಚ್ಚು ಚಿಂತೆ ತಂದದ್ದು ನಿಮ್ಮ ಪತ್ರದ ಆ ಚಿಕ್ಕ ಸಾಲು: ಆಟಕ್ಕೆ ಮುಂಚೆ ಒಂದು ಮಾತ್ರೆ. ಇದು ನಿಮ್ಮೊಬ್ಬರ ಚಾಳಿಯಲ್ಲ. 2010ರ ವಿಶ್ವಕಪ್‌ನಲ್ಲಿ ಹತ್ತರಲ್ಲಿ ಸುಮಾರು ನಾಲ್ವರು ಆಟಗಾರರು ಪ್ರತಿ ಪಂದ್ಯಕ್ಕೂ ಮುಂಚೆ ನೋವುನಿವಾರಕ ಪಡೆದಿದ್ದರು. ಅವರ ಹಿಂದೆ ವೈದ್ಯರ ತಂಡ ಇತ್ತು, ನಿಮ್ಮ ಹಿಂದೆ ಇರುವುದು ಮೆಡಿಕಲ್ ಶಾಪ್. ಡೈಕ್ಲೋಫೆನಾಕ್‌ನಂಥ ಮಾತ್ರೆ ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಬಿ.ಪಿ. ಏರಿಸಬಹುದು. ಬೆವರು ಸುರಿಸಿ ನೀರು ಕಡಿಮೆಯಾದ ದೇಹದಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು. ಇಷ್ಟೆಲ್ಲದರ ಮೇಲೆ, ಎಲ್ಲಿ ನಿಲ್ಲಿಸಬೇಕು ಎಂದು ಮಂಡಿ ಹೇಳುವುದನ್ನು ನೀವೇ ಬಾಯಿಮುಚ್ಚಿಸುತ್ತಿದ್ದೀರಿ.

ಸುವಾರೆಜ್ ಟಿವಿಯಲ್ಲಿ ಕಾಣುತ್ತಾರೆ, ನೋವಿನಲ್ಲಿ ಮನೆ ಸೇರಿದವರು ಕಾಣುವುದಿಲ್ಲ. ಅರ್ಜೆಂಟೀನಾದ ಗೇಬ್ರಿಯಲ್ ಬಟಿಸ್ಟುಟಾ ನಿಮಗೆ ನೆನಪಿರಬೇಕು, ದೇಶಕ್ಕಾಗಿ 50ಕ್ಕೂ ಹೆಚ್ಚು ಗೋಲು ಹೊಡೆದ ಸ್ಟ್ರೈಕರ್. 2005ರಲ್ಲಿ ಆಟ ಬಿಟ್ಟ ಮೇಲೆ ಪಾದದ ಗಂಟುಗಳ ನೋವು ಎಷ್ಟಾಯಿತೆಂದರೆ, ರಾತ್ರಿ ಮೂರು ಮೀಟರ್ ದೂರದ ಬಚ್ಚಲಿಗೆ ನಡೆಯಲಾರದೆ ಹಾಸಿಗೆಯಲ್ಲೇ ಮೂತ್ರ ಮಾಡಿಕೊಂಡೆ, ಕಾಲು ಕತ್ತರಿಸಿಬಿಡಿ ಎಂದು ಡಾಕ್ಟರನ್ನು ಕೇಳಿಕೊಂಡೆ ಎಂದು ಅವರೇ ಹೇಳಿದ್ದಾರೆ. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಗೆಳೆಯರು ಒಂದು ಉದಾಹರಣೆ ಕೊಟ್ಟಾಗ ನಿಮ್ಮ ಕೈಯಲ್ಲಿ ಇನ್ನೊಂದೂ ಇರಲಿ.

ಹಾಗಾದರೆ ಏನು ಮಾಡಬೇಕು? ಮತ್ತೊಂದು ಆಪರೇಷನ್‌ಗೆ ಅವಸರ ಬೇಡ. ಸವೆದು ಹರಿದ ಮೆನಿಸ್ಕಸ್‌ಗೆ ಕೀಹೋಲ್ ಆಪರೇಷನ್ ಮಾಡಿದವರಿಗೂ, ಮಾಡಿದಂತೆ ತೋರಿಸಿ ಮಾಡದೇ ಬಿಟ್ಟವರಿಗೂ ಒಂದು ವರ್ಷದ ನಂತರ ವ್ಯತ್ಯಾಸ ಇರಲಿಲ್ಲ ಎಂದು 2013ರಲ್ಲಿ ಫಿನ್‌ಲ್ಯಾಂಡ್‌ನ ವೈದ್ಯರು ತೋರಿಸಿದರು. ಮಂಡಿ ಮಡಚಿದಲ್ಲೇ ಸಿಕ್ಕಿಕೊಳ್ಳುವುದು, ಪೂರ್ತಿ ಚಾಚಲಾಗದಿರುವುದು, ನಡೆಯುವಾಗ ದಿಢೀರನೆ ಕೈಕೊಡುವುದು ಇದ್ದರೆ ಮಾತು ಬೇರೆ, ತಡಮಾಡದೆ ಮೂಳೆತಜ್ಞರಿಗೆ ತೋರಿಸಿ. ಊತದ ಜೊತೆ ಜ್ವರ ಬಂದರೆ ಅದೇ ದಿನ ಹೋಗಿ.

ಪೂರ್ತಿ ಬಿಡುವುದೂ ಒಂದು ದಾರಿ. ಮನೆಯವರ ಚಿಂತೆ ಅರ್ಥವಾಗುತ್ತದೆ. ಆದರೆ ಆಟ ಬಿಟ್ಟವರಲ್ಲಿ ಹೆಚ್ಚಿನವರು ಅದರ ಜಾಗದಲ್ಲಿ ಏನನ್ನೂ ಮಾಡುವುದಿಲ್ಲ, ತೂಕ ಏರುತ್ತದೆ, ತೊಡೆ ಸೊರಗುತ್ತದೆ, ಮಂಡಿಗೆ ಅದು ಇನ್ನೂ ಕೆಟ್ಟದ್ದು. ಅದಕ್ಕೇ ನಾನು ಹೇಳುವುದು ಮೂರು ತಿಂಗಳ ವಿರಾಮ, ಅದೂ ಕೆಲಸ ತುಂಬಿದ ವಿರಾಮ. ಮಾತ್ರೆ ನಿಲ್ಲಿಸಿ. ಫಿಸಿಯೋ ಕಣ್ಣೆದುರು ವಾರಕ್ಕೆ ಎರಡು ಮೂರು ಸಲ ತೊಡೆಯ ಮುಂಭಾಗ, ಹಿಂಭಾಗ, ಪೃಷ್ಠದ ಸ್ನಾಯುಗಳಿಗೆ ಭಾರ ಹಾಕಿ ವ್ಯಾಯಾಮ ಮಾಡಿ. ಬರೀ ಕಾಲೆತ್ತುವ ವ್ಯಾಯಾಮ ಸ್ಟ್ರೈಕರ್‌ಗೆ ಸಾಲದು. ಮಿಕ್ಕ ದಿನ ಸೈಕಲ್ ಅಥವಾ ಈಜು. ಏರಿರುವ ಒಂಬತ್ತು ಕೆ.ಜಿ.ಯಲ್ಲಿ ಐದಾರು ಇಳಿಸಿ, ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕೆ.ಜಿ. ಇಳಿಯುತ್ತದೆ. ಇದಕ್ಕಿಂತ ಅಗ್ಗದ, ಇದಕ್ಕಿಂತ ಗಟ್ಟಿಯಾದ ಮದ್ದು ನನ್ನ ಬಳಿ ಇಲ್ಲ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಿ. ಊಟದ ಕುರ್ಚಿಯಲ್ಲಿ ಕೂತು, ಕೈ ಎದೆಗೆ ಕಟ್ಟಿ, ಒಂದೇ ಕಾಲಿನ ಮೇಲೆ ಎದ್ದು ಕೂರಿ. ಎಡಗಾಲಲ್ಲಿ ಎಷ್ಟಾಯಿತು, ಬಲಗಾಲಲ್ಲಿ ಎಷ್ಟಾಯಿತು ಬರೆದಿಡಿ. ಎಡದಲ್ಲಿ ಹತ್ತಾದರೆ ಬಲದಲ್ಲಿ ಒಂಬತ್ತಾದರೂ ಆಗುವವರೆಗೆ ಟರ್ಫ್ ಹತ್ತಬೇಡಿ. ಮರಳುವಾಗ ವಾರಕ್ಕೆ ಒಂದೇ ಸಲ, ಮೊದಲು ಇಪ್ಪತ್ತು ನಿಮಿಷ. ಆಡುವಾಗ ನೋವು ಹತ್ತರಲ್ಲಿ ಮೂರರೊಳಗಿದ್ದು, ಮರುದಿನ ಬೆಳಿಗ್ಗೆ ಊತ ಇಲ್ಲದಿದ್ದರೆ ಮುಂದಿನ ವಾರ ಹತ್ತು ನಿಮಿಷ ಸೇರಿಸಿ. ಊದಿದರೆ ಹಿಂದಿನ ಹಂತಕ್ಕೆ ಬನ್ನಿ. ಆಫೀಸಿನ ಕುರ್ಚಿಯಿಂದ ಎದ್ದು ನೇರ ಆಟಕ್ಕೆ ಇಳಿಯುವ ಪರಿಪಾಠ ಬಿಡಿ. ಫಿಫಾ 11+ ಎಂಬ ಇಪ್ಪತ್ತು ನಿಮಿಷದ ವಾರ್ಮ್‌ಅಪ್‌ನ ವಿಡಿಯೊಗಳು ಪುಕ್ಕಟೆ ಸಿಗುತ್ತವೆ. ಅದನ್ನು ತಪ್ಪದೆ ಮಾಡಿದ ತಂಡಗಳಲ್ಲಿ ಗಾಯಗಳು ಸುಮಾರು ಮೂರನೇ ಒಂದರಷ್ಟು ಇಳಿದಿವೆ. ಕೃತಕ ಹುಲ್ಲಿನಲ್ಲಿ ಉದ್ದ ಮುಳ್ಳಿನ ಸ್ಟಡ್ ಬೂಟು ಹಾಕಬೇಡಿ, ಕಾಲು ಸಿಕ್ಕಿಕೊಂಡು ಮಂಡಿ ಮಾತ್ರ ತಿರುಗುತ್ತದೆ. ಟರ್ಫ್‌ಗೆಂದೇ ಸಣ್ಣ ಗುಬ್ಬಿಗಳ ಶೂ ಬರುತ್ತವೆ.

ಆಟವನ್ನೂ ಬದಲಿಸಿಕೊಳ್ಳಿ. ಐದೈದು ಜನರ ಆಟದಲ್ಲಿ ಗಕ್ಕನೆ ನಿಂತು ತಿರುಗುವುದು ದೊಡ್ಡ ಮೈದಾನಕ್ಕಿಂತ ಜಾಸ್ತಿ, ಮಂಡಿಗೆ ಹೆಚ್ಚು ಪೆಟ್ಟು ಅದರಿಂದಲೇ. ಬೆನ್ನು ಗೋಲಿಗೆ ಮಾಡಿ ಚೆಂಡು ಹಿಡಿದು ಒಂದೇ ಕಾಲಲ್ಲಿ ತಿರುಗುವ ಹಳೇ ಚಾಳಿ ಬಿಟ್ಟು, ಪಕ್ಕಕ್ಕೆ ವಾಲಿ ನಿಂತು ಮೊದಲ ಸ್ಪರ್ಶಕ್ಕೇ ಪಾಸ್ ಅಥವಾ ಹೊಡೆತ. ಚೆಂಡು ಕಳೆದುಕೊಂಡಾಗ ಅಟ್ಟಿಸಿಕೊಂಡು ಹೋಗುವುದನ್ನು ಇಪ್ಪತ್ತೈದರ ಹುಡುಗರಿಗೆ ಬಿಡಿ. ಗೆಳೆಯರಿಗೆ ಸುವಾರೆಜ್ ಬೇಕೆಂದರೆ ಅಟ್ಲೆಟಿಕೊದ ಸುವಾರೆಜ್ ಆಗಿ ಆಡುತ್ತೇನೆ ಎಂದು ಹೇಳಿ.

ಮೊದಲು ಮಾಡಬೇಕಾದ್ದು ಒಂದಿದೆ. ಮೂರು ವರ್ಷದ ಹಿಂದಿನ ಡಿಸ್ಚಾರ್ಜ್ ಸಮ್ಮರಿ, ಆಪರೇಷನ್ ನೋಟ್, ಹಳೆಯ ಎಂಆರ್‌ಐ ಹುಡುಕಿಟ್ಟುಕೊಳ್ಳಿ. ಮೆನಿಸ್ಕಸ್‌ನ ಎಷ್ಟು ಭಾಗ ತೆಗೆದರು, ಆಗ ಕಾರ್ಟಿಲೇಜ್ ಯಾವ ಸ್ಥಿತಿಯಲ್ಲಿತ್ತು ಎನ್ನುವುದು ಅದರಲ್ಲಿ ಬರೆದಿರುತ್ತದೆ. ಅದನ್ನು ಕೈಯಲ್ಲಿಟ್ಟುಕೊಂಡು ಮೂಳೆತಜ್ಞರ ಬಳಿ ಹೋಗಿ, ಎರಡೂ ಕಾಲಿನ ಮೇಲೆ ನಿಂತು ತೆಗೆಯುವ ಎಕ್ಸ್‌ರೇ ಮಾಡಿಸಿ. ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಮೂಳೆಗಳ ನಡುವಿನ ಅಂತರ ಎಷ್ಟು ಕುಗ್ಗಿದೆ ಎಂಬುದು ಸರಿಯಾಗಿ ಕಾಣುವುದಿಲ್ಲ. ಆ ಅಂತರ ಚೆನ್ನಾಗಿಯೇ ಇದ್ದರೆ ಮೇಲಿನ ಮೂರು ತಿಂಗಳ ಯೋಜನೆ ನಾಳೆಯೇ ಶುರು ಮಾಡಬಹುದು. ತುಂಬ ಕುಗ್ಗಿದ್ದರೆ ಓಟದ ಆಟದ ಬದಲು ನಡೆದಾಡುತ್ತಾ ಆಡುವ ಫುಟ್‌ಬಾಲ್ ಬಗ್ಗೆ ಮಾತಾಡೋಣ. ವರದಿ ಬಂದ ಮೇಲೆ ಮತ್ತೆ ಬರೆಯಿರಿ, ಎರಡೂ ಕಾಲಿನ ಕುರ್ಚಿ ಪರೀಕ್ಷೆಯ ಲೆಕ್ಕವನ್ನೂ ಜೊತೆಗೆ ಕಳಿಸಿ.